ಐದನೇ ಸಾಲಿನ ಚಪ್ಪಾಳೆ

ನಲವತ್ತೇಳು ವರ್ಷದ ಗಂಡಸು. ಹಣೆ ನಡುನೆತ್ತಿಯವರೆಗೆ ಹತ್ತಿದೆ, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ, ಬೆರಳುಗಳ ತುಂಬ ದಬ್ಬಣ ಚುಚ್ಚಿದ ಗುರುತು. ಆದರೂ ಬೀದಿಗೆ ಬೀದಿಯೇ ಅವನನ್ನು ಕರೆಯುವುದು ‘ತಮ್ಮ’ ಎಂದು. ಹಾಲು ಹಾಕುವ ಮುದುಕನಿಗೂ ಅವನು ತಮ್ಮ, ಮೊನ್ನೆ ಮೊನ್ನೆ ಮೀಸೆ ಬಂದ ಬಸ್ ಕಂಡಕ್ಟರನಿಗೂ ತಮ್ಮ. ಏಕೆಂದರೆ ಅವನ ಅಕ್ಕ ಇಡೀ ಬೀದಿಗೆ ಅಕ್ಕ. ಅವಳನ್ನು ಹೆಸರು ಹಿಡಿದು ಕರೆದವರಿಲ್ಲ; ಹಾಗಾಗಿ ಅವನ ಹೆಸರೂ ಯಾರಿಗೂ ಬೇಕಾಗಲಿಲ್ಲ. ಆ ಅಕ್ಕನಿಗೆ ತಮ್ಮ ಎನ್ನುವುದಷ್ಟೇ ಅವನ ಗುರುತು.

ಮನೆಯ ಮುಂದಿನ ಕೋಣೆ ಅಕ್ಕನ ಹೊಲಿಗೆ ಅಂಗಡಿ. ಅದಕ್ಕೆ ಅಂಟಿಕೊಂಡ ತಗಡಿನ ಶೆಡ್ಡು ತಮ್ಮನದು. ಅಲ್ಲಿ ಅವನು ಬಸ್ಸು ಕಾರುಗಳ ಸೀಟು ಬಿಚ್ಚಿ, ಕೂತು ಕೂತು ಚಪ್ಪಟೆಯಾದ ಫೋಮು ಕಿತ್ತೆಸೆದು, ಹೊಸದು ತುಂಬಿ, ರೆಕ್ಸಿನ್ ಹೊದಿಸಿ ಹೊಲಿಯುತ್ತಾನೆ. ಎರಡರ ನಡುವೆ ಒಂದು ಬಾಗಿಲಿದೆ; ಅದನ್ನು ಯಾರೂ ಯಾವತ್ತೂ ಮುಚ್ಚಿಲ್ಲ. ಅವನ ಮೊಬೈಲು ದಿನವಿಡೀ ಅಕ್ಕನ ಮೆಷಿನ್ನಿನ ಪಕ್ಕದಲ್ಲೇ ಬಿದ್ದಿರುತ್ತದೆ, ಶೆಡ್ಡಿನಲ್ಲಿಟ್ಟರೆ ಫೋಮಿನ ಪುಡಿ ಮುತ್ತಿ ಹಾಳಾಗುತ್ತದೆಂದು. ಬಂದ ಕರೆಗಳನ್ನೆಲ್ಲ ಎತ್ತುವವಳು ಅಕ್ಕ. ಯಾವ ಬಸ್ಸಿನ ಯಾವ ಸೀಟು ಎಂದಿಗೆ ಮುಗಿಯುತ್ತದೆ ಎಂದು ಮಾತು ಕೊಡುವವಳೂ ಅವಳೇ. ಮಾತು ಉಳಿಸಿಕೊಳ್ಳಲು ಬೆನ್ನು ಮುರಿದುಕೊಳ್ಳುವವನು ಮಾತ್ರ ಇವನು.

ಒಂದು ಮಂಗಳವಾರ ಬೆಳಿಗ್ಗೆ ಅವನು ಶಾಲಾ ಬಸ್ಸಿನ ಹಿಂದಿನ ಸೀಟಿಗೆ ಹೊದಿಕೆ ಎಳೆಯುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಳು.

“ತಮ್ಮಾ, ನಿಮ್ಮ ಮೇಷ್ಟ್ರು ಫೋನ್ ಮಾಡಿದ್ರು.”

“ಯಾವ ಮೇಷ್ಟ್ರು?”

“ಎಷ್ಟು ಜನ ಮೇಷ್ಟ್ರಿದ್ದಾರೋ ನಿಂಗೆ? ಗಿಟಾರ್ ಮೇಷ್ಟ್ರು. ಕಪಾಟು ಗುಡಿಸ್ವಾಗ ಹಳೇ ಕ್ಯಾಸೆಟ್ ಸಿಕ್ತಂತೆ. ನೀವು ಆ ದೊಡ್ಡ ಹಾಲಲ್ಲಿ ನುಡಿಸಿದ್ರಲ್ಲ ಒಂದ್ಸಲ, ಅವತ್ತಿಂದು. ಅಳಿಯನ ಕೈಲಿ ಕಂಪ್ಯೂಟರಿಗೆ ಹಾಕಿಸಿ ಸ್ವಚ್ಛ ಮಾಡ್ಸಿದ್ದಾರಂತೆ. ಈ ಭಾನುವಾರ ಮಧ್ಯಾಹ್ನ ಲೈಬ್ರರಿ ಮಹಡೀಲಿ ಎಲ್ಲರಿಗೂ ಕೇಳಿಸ್ತಾರಂತೆ. ‘ನೀವೂ ಬನ್ನಿ ತಾಯಿ, ನಿಮ್ಮ ತಮ್ಮನ ಡ್ರಮ್ಸು ಹೇಗಿತ್ತು ಅಂತ ಕೇಳೋರಂತೆ’ ಅಂದ್ರು. ಬರ್ತೀನಿ ಅಂದೆ.”

ಅಷ್ಟು ಹೇಳಿ ಸೂಜಿಗಳೊಂದಿಗೆ ಒಳಗೆ ಹೋದಳು. ಮೆಷಿನ್ನು ಮತ್ತೆ ಶುರುವಾಯಿತು. ತಮ್ಮ ಎಳೆದು ಹಿಡಿದಿದ್ದ ರೆಕ್ಸಿನ್ನು ಕೈಜಾರಿ, ಅರ್ಧ ಗಂಟೆಯ ಕೆಲಸ ಹಾಳಾಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಆ ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅಕ್ಕನ ಕಿವಿಗೆ ಬೀಳದಿರಲಿ ಎಂದು ಅವನು ಹಾರೈಸಿಕೊಂಡು ಬಂದ ಮಾತು ಅದರಲ್ಲಿತ್ತು.

ಅದೇನೆಂದು ಹೇಳಬೇಕಾದರೆ ಮೊದಲು ಎರಡು ಬ್ಯಾಂಡುಗಳ ಕಥೆ ಹೇಳಬೇಕು.

ಅಮ್ಮ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪ ಅದಕ್ಕೂ ಮೊದಲೇ ಕಾಲಿಗೆ ಬುದ್ಧಿ ಹೇಳಿದ್ದ. ಅಕ್ಕ ಅಮ್ಮನ ಮೆಷಿನ್ನಿನ ಮುಂದೆ ಕೂತಳು, ತಮ್ಮ ಅಡುಗೆಮನೆಯ ಡಬ್ಬಗಳ ಮುಂದೆ ಕೂತ. ಅವಳು ಮೆಷಿನ್ ತುಳಿಯುವ ಲಯಕ್ಕೆ ಇವನು ಡಬ್ಬ ಬಡಿಯುತ್ತಿದ್ದ. ಬೇರೆ ಅಕ್ಕಂದಿರಾಗಿದ್ದರೆ ಬೆನ್ನಿಗೆ ಬಾರಿಸುತ್ತಿದ್ದರು. ಇವಳು ಅವನಿಗೆ ಹತ್ತೊಂಬತ್ತಾಗುವ ಹೊತ್ತಿಗೆ ಕೈ ಹಿಡಿದುಕೊಂಡು ಹೋಗಿ ಮಿಂಚುವಿನ ಮುಂದೆ ನಿಲ್ಲಿಸಿ, “ಇವನ ಕೈ ಸುಮ್ನಿರಲ್ಲ, ಏನಾದ್ರೂ ಮಾಡಪ್ಪ” ಎಂದಳು.

ಮಿಂಚು ಹಗಲು ಹೊತ್ತು ಅಂಗಡಿಗಳ ಬೋರ್ಡು ಬರೆಯುತ್ತಿದ್ದ, ಸಂಜೆ ‘ಗಲಾಟೆ ಕಂಪನಿ’ ಎಂಬ ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದ. ಹಾಡುತ್ತಿದ್ದ ಎನ್ನುವುದು ಕೊಂಚ ದೊಡ್ಡ ಮಾತು. ಹಾಡಿಗಿಂತ ಹಾರುವುದೇ ಹೆಚ್ಚು. ಸ್ಪೀಕರ್ ಪೆಟ್ಟಿಗೆಯ ಮೇಲಿಂದ ಹಾರಬೇಕು, ಮಂಡಿಯ ಮೇಲೆ ಜಾರಬೇಕು, ಹೊಗೆ ಯಂತ್ರದಿಂದ ಮುಂದಿನ ಸಾಲಿನವರು ಕೆಮ್ಮಬೇಕು, ಆಗಲೇ ಅವನಿಗೆ ಸಮಾಧಾನ. ಐದೂ ಜನರ ಜಾಕೆಟ್ಟು ಹೊಲಿದವಳು ಅಕ್ಕ. ಒಂದೊಂದಕ್ಕೆ ಇನ್ನೂರು ಕನ್ನಡಿ ಚೂರು, ಒಂದೊಂದನ್ನೂ ಕೈಯಲ್ಲೇ ಕೂರಿಸಿದ್ದು. ದೀಪ ಬಿದ್ದರೆ ಹಾಲಿನ ಛಾವಣಿಯೆಲ್ಲ ಚುಕ್ಕೆ ಚುಕ್ಕೆ. ಒಮ್ಮೆ ಹಾರುವ ಭರದಲ್ಲಿ ಮಿಂಚುವಿನ ಪ್ಯಾಂಟು ಹಿಂದುಗಡೆ ಹರಿದು, ಗಿಟಾರಿನವನು ಮುಂದೆ ನಿಂತು ನುಡಿಸುತ್ತಿದ್ದಷ್ಟೂ ಹೊತ್ತು ಅಕ್ಕ ಪರದೆಯ ಹಿಂದೆ ಅವನನ್ನು ಬಗ್ಗಿಸಿ ನಿಲ್ಲಿಸಿ ಹೊಲಿದು ಕಳಿಸಿದ್ದಳು. ತಮ್ಮನ ಪಾಲಿಗೂ ಒಂದು ಕಸರತ್ತಿತ್ತು. ನುಡಿಸುತ್ತಲೇ ಡ್ರಮ್ಮಿನ ಕೋಲನ್ನು ಆಳೆತ್ತರಕ್ಕೆ ಎಸೆದು ಬೆನ್ನ ಹಿಂದೆ ಹಿಡಿಯುವುದು. ಹತ್ತಕ್ಕೆ ಏಳು ಸಲ ಸಿಗುತ್ತಿತ್ತು. ಉಳಿದ ಮೂರು ಸಲ ಬಿದ್ದದ್ದೂ ಬೇಕೆಂದೇ ಬೀಳಿಸಿದ್ದು ಎಂಬಂತೆ ನಗುವುದನ್ನು ಮಿಂಚು ಕಲಿಸಿದ್ದ.

ಅಕ್ಕನಿಗೆ ಜಾಕೆಟ್ಟಿನ ಜೊತೆಗೆ ಇನ್ನೊಂದು ಕೆಲಸವೂ ಇತ್ತು, ಮೊದಲ ಚಪ್ಪಾಳೆ. ಹಾಡು ಮುಗಿದಾಗ ಜನ ಒಂದು ಗಳಿಗೆ ತಡವರಿಸುತ್ತಾರೆ. ಪಕ್ಕದವನು ತಟ್ಟಲಿ, ಆಮೇಲೆ ನಾನು ತಟ್ಟುತ್ತೇನೆ ಎಂದು ಎಲ್ಲರೂ ಕಾಯುತ್ತಾರೆ. ಆ ಗಳಿಗೆ ಸ್ವಲ್ಪ ಉದ್ದವಾದರೂ ಸಭೆ ತಣ್ಣಗಾಗಿಬಿಡುತ್ತದೆ. ಅದಕ್ಕೇ ಐದನೇ ಸಾಲಿನ ನಡುವೆ ಅಕ್ಕ ಕೂರುತ್ತಿದ್ದಳು. ತೀರ ಬೇಗ ತಟ್ಟಿದರೆ ಮನೆಯವರೇ ಎಂದು ಗೊತ್ತಾಗುತ್ತದೆ, ತಡವಾದರೆ ಪ್ರಯೋಜನವಿಲ್ಲ. ಕೊನೆಯ ಪೆಟ್ಟು ಬಿದ್ದು ಅರ್ಧ ಉಸಿರಾಗಬೇಕು, ಆಗ ತಟ್ಟಬೇಕು. ಕತ್ತರಿ ಹಿಡಿದು ಗಟ್ಟಿಯಾದ ಅವಳ ಅಂಗೈ ಸದ್ದು ಹಲಗೆ ಬಿದ್ದಂತೆ ಕೇಳುತ್ತಿತ್ತು. ಅದು ಬಿದ್ದದ್ದೇ ತಡ, ಇಡೀ ಸಭೆ ಹೊತ್ತಿಕೊಳ್ಳುತ್ತಿತ್ತು. “ಅಕ್ಕ ನಮ್ಮ ಆರನೇ ವಾದ್ಯ” ಎನ್ನುತ್ತಿದ್ದ ಮಿಂಚು. ಅವಳಿಗೆ ಆ ಮಾತು ಕೇಳಿ ಮುಖ ಕೆಂಪಾಗುತ್ತಿತ್ತು. ಊರಿನಲ್ಲಿ ಯಾರೂ ಅವಳನ್ನು ಹಾಗೆ ಹೊಗಳಿದ್ದಿಲ್ಲ.

ಐದು ವರ್ಷ ಹೀಗೆ ಸುಖವಾಗಿ ನಡೆಯಿತು. ಆರನೆಯ ವರ್ಷ ಒಂದು ಕಾರ್ಯಕ್ರಮ ಮುಗಿದ ಮೇಲೆ ಕಪ್ಪು ಶರ್ಟಿನ ಗುಂಡಿಯನ್ನು ಗಂಟಲಿನವರೆಗೆ ಹಾಕಿಕೊಂಡ ಒಬ್ಬರು ತಮ್ಮನ ಹತ್ತಿರ ಬಂದರು. ಶಾಲೆಯಲ್ಲಿ ಗಣಿತ ಹೇಳುವ, ತಮ್ಮದೇ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಮೇಷ್ಟ್ರು.

“ನಿಮ್ಮ ಕೈಯಲ್ಲಿ ವಿಷಯ ಇದೆ,” ಎಂದರು. “ಈ ಕೋತಿಗಳ ಜೊತೆ ಯಾಕಿದ್ದೀರಿ?”

ಇಷ್ಟೇ. ಇಪ್ಪತ್ನಾಲ್ಕು ವರ್ಷದ ಹುಡುಗನನ್ನು ಕೆಡಿಸಲು ಇದಕ್ಕಿಂತ ಹೆಚ್ಚೇನೂ ಬೇಡ. ಅದುವರೆಗೆ ಅವನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಮನೆಗೆ ಬಂದು ಕನ್ನಡಿ ಚೂರುಗಳ ಜಾಕೆಟ್ಟನ್ನು ನೋಡಿದ, ಮೊದಲ ಬಾರಿಗೆ ಅವನಿಗೆ ಅದು ಅಸಹ್ಯವೆನಿಸಿತು. ತಿಂಗಳೊಳಗೆ ಅವನು ಮೇಷ್ಟ್ರ ಬ್ಯಾಂಡಿನಲ್ಲಿದ್ದ. ಬ್ಯಾಂಡಿನ ಹೆಸರು ‘ನಿಜ’.

‘ನಿಜ’ದಲ್ಲಿ ನಗುವಂತಿರಲಿಲ್ಲ. ವೇಷ ಬೇಡ, ಬಣ್ಣದ ದೀಪ ಬೇಡ, ಹಾಡುಗಳ ನಡುವೆ ಮಾತು ಬೇಡ. ಡ್ರಮ್ಮಿನ ಕೋಲು ಭುಜಕ್ಕಿಂತ ಮೇಲೆ ಏಳಕೂಡದು. ಕಾರ್ಯಕ್ರಮ ಯಾವಾಗಲೂ ಭಾನುವಾರ ಮಧ್ಯಾಹ್ನ, ಏಕೆಂದರೆ ಸಂಜೆಯಾದರೆ ಜನ ಮಜಾ ಮಾಡಲು ಬರುತ್ತಾರೆ ಎಂದು ಮೇಷ್ಟ್ರ ಅನುಮಾನ. ಕೊನೆಯ ಹಾಡಿನವರೆಗೆ ಚಪ್ಪಾಳೆ ನಿಷಿದ್ಧ ಎಂದು ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು. ಈ ನಿಯಮಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಮೊದಲನೆಯದನ್ನು ಸೂಚಿಸಿದವನು ತಮ್ಮನೇ. ‘ವೇದಿಕೆಯಲ್ಲಿ ಆದ ತಪ್ಪನ್ನು ಮುಚ್ಚಿಡಬಾರದು.’ ಕೋಲು ಬಿದ್ದರೆ ನಗುತ್ತಿದ್ದ ತನ್ನ ಹಳೆಯ ಪಾಪಕ್ಕೆ ಅದು ಅವನ ಪ್ರಾಯಶ್ಚಿತ್ತ. ಗಲಾಟೆ ಕಂಪನಿಯವರು ಸುಳ್ಳನ್ನು ಸುಳ್ಳು ಎಂದೇ ಮಾರುತ್ತಿದ್ದರು, ಕೊಳ್ಳುವವರಿಗೂ ಅದು ಗೊತ್ತಿತ್ತು. ಸತ್ಯವನ್ನೇ ಎದೆಗೆ ಅಂಟಿಸಿಕೊಂಡು ನಿಂತವರಿಗೆ ಒಂದು ಸುಳ್ಳು ಬಾಯಿಂದ ಜಾರಿದರೆ ಅದನ್ನು ಇಡಲು ಎಲ್ಲೂ ಜಾಗವಿರುವುದಿಲ್ಲ. ಇದು ತಮ್ಮನಿಗೆ ಆಮೇಲೆ ತಿಳಿಯಿತು.

‘ನಿಜ’ಕ್ಕೆ ದೊಡ್ಡ ಹಾಲು ಸಿಕ್ಕಿದ್ದು ಒಂದೇ ಸಲ. ಅಕ್ಕ ತಾನೂ ಬರುತ್ತೇನೆಂದಳು.

“ಬೇಡ ಅಕ್ಕ. ಅದು ನಿಂಗೆ ಅರ್ಥ ಆಗಲ್ಲ.”

“ಸರಿ ಬಿಡು,” ಎಂದಳು ಅಕ್ಕ, ಎಂದಿನ ಧ್ವನಿಯಲ್ಲಿ. ಆದರೂ ತಾನೇ ಟಿಕೆಟ್ಟು ತೆಗೆದುಕೊಂಡು ಬಂದಳು; ಬಸ್ಸು ತಡವಾಗಿ, ಒಳಗೆ ಕಾಲಿಟ್ಟದ್ದು ದೀಪ ಆರಿದ ಮೇಲೆ. ಬಾಗಿಲು ಒಳಕ್ಕೆ ತೆರೆದುಕೊಂಡಿತ್ತು, ಚಪ್ಪಾಳೆ ಬೇಡವೆಂಬ ಚೀಟಿ ಗೋಡೆಯ ಕಡೆ ತಿರುಗಿ ಅವಳ ಕಣ್ಣಿಗೆ ಬೀಳಲಿಲ್ಲ. ರೂಢಿಯಂತೆ ಹೋಗಿ ಐದನೇ ಸಾಲಿನ ನಡುವೆ ಕೂತಳು.

ಅವತ್ತಿನ ಮುಖ್ಯ ಹಾಡಿನ ನಡುವೆ ಒಂದು ಮೌನವಿತ್ತು. ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು, ಮೂವತ್ತೆರಡು ಎಣಿಕೆ ಅಲುಗಾಡದೆ ಇರಬೇಕು, ಮೂವತ್ಮೂರಕ್ಕೆ ಒಟ್ಟಿಗೆ ಸಿಡಿಯಬೇಕು. ಎಣಿಸುವ ಹೊಣೆ ತಮ್ಮನದು. ಶೂಸಿನೊಳಗೆ ಹೆಬ್ಬೆರಳು ಆಡಿಸಿ ಎಣಿಸುತ್ತಿದ್ದ. ನಾಲ್ಕು ತಿಂಗಳು ಬರೀ ಆ ಮೌನವನ್ನೇ ಅಭ್ಯಾಸ ಮಾಡಿದ್ದರು.

ಐದನೇ ಸಾಲಿನಿಂದ ನೋಡಿದ ಅಕ್ಕನಿಗೆ ಕಂಡದ್ದೇ ಬೇರೆ. ಹಾಡು ಮುಗಿಯಿತು. ಅರ್ಧ ಉಸಿರಾಯಿತು, ಒಂದು ಉಸಿರಾಯಿತು, ಎರಡಾಯಿತು. ಇನ್ನೂರು ಜನರಲ್ಲಿ ಒಬ್ಬನೂ ಕೈ ಎತ್ತಲಿಲ್ಲ. ವೇದಿಕೆಯಲ್ಲಿ ತಮ್ಮ ಕಲ್ಲಿನಂತೆ ಕೂತಿದ್ದಾನೆ, ಮುಖ ಬಿಳಿಚಿಕೊಂಡಿದೆ. ಹೆತ್ತವಳಂತೆ ಸಾಕಿದ ಹುಡುಗ ಎಲ್ಲರೆದುರು ಹೀಗೆ ಮರ್ಯಾದೆ ಕಳೆದುಕೊಳ್ಳುವುದನ್ನು ನೋಡಿಕೊಂಡು ಕೂರುವ ಪೈಕಿಯವಳಲ್ಲ ಅವಳು. ಎರಡೂ ಕೈ ಎತ್ತಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಟ್ಟಿದಳು.

ತಮ್ಮ ಹನ್ನೊಂದು ಎಣಿಸಿದ್ದ. ಆ ಸದ್ದು ಯಾರದೆಂದು ತಿಳಿಯಲು ಅವನಿಗೆ ತಲೆ ಎತ್ತಿ ನೋಡಬೇಕಾಗಿರಲಿಲ್ಲ. ಅದನ್ನು ಕೇಳಿ ಸಭಿಕರೂ ತಟ್ಟತೊಡಗಿದರು. ಜನ ಪಾಪ, ಅವರಿಗೂ ಎಲ್ಲಿ ತಟ್ಟಬೇಕೆಂದು ಗೊತ್ತಾಗದೆ ಕಾಯುತ್ತಿದ್ದವರೇ. ಎಣಿಕೆ ತಪ್ಪಿತು. ಗಿಟಾರು ಒಂದು ಕಡೆ ಎದ್ದಿತು, ಡ್ರಮ್ಮು ಇನ್ನೊಂದು ಕಡೆ ಬಿತ್ತು, ನಾಲ್ಕು ತಿಂಗಳ ಮೌನ ಸಂತೆಯಾಯಿತು. ಮೇಷ್ಟ್ರು ಕೈ ಎತ್ತಿ ಎಲ್ಲವನ್ನೂ ನಿಲ್ಲಿಸಿದರು.

“ಯಾರದು?” ಎಂದರು ಮೈಕಿನಲ್ಲಿ.

ಐದನೇ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಅವಳಿಗೆ ತಪ್ಪು ಮಾಡಿದೆನೆಂದು ಇನ್ನೂ ತಿಳಿದಿರಲಿಲ್ಲ. ಯಾರು ಮೊದಲು ತಟ್ಟಿದರೆಂದು ಮೆಚ್ಚಿ ಕೇಳುತ್ತಿದ್ದಾರೆ ಎಂದುಕೊಂಡು, ನಗುತ್ತ ಡ್ರಮ್ಮಿನ ಕಡೆ ಕೈ ತೋರಿಸಿದಳು. ಮೇಷ್ಟ್ರು ಹಿಂದೆ ತಿರುಗಿದರು.

“ನಿಮ್ಮ ಕಡೆಯವರಾ?”

ತಮ್ಮ ಅಕ್ಕನನ್ನು ನೋಡಿದ. ಅವಳು ಸಂಭ್ರಮಕ್ಕೆಂದು ಉಟ್ಟುಕೊಂಡು ಬಂದಿದ್ದ ಜರಿಯ ಸೀರೆ ವೇದಿಕೆಯ ಬಿಳಿ ದೀಪದಲ್ಲಿ ಕಣ್ಣು ಕುಕ್ಕುತ್ತಿತ್ತು. ಸುತ್ತ ಕನ್ನಡಕದ, ಗಡ್ಡದ, ಗಂಭೀರ ಮುಖಗಳು.

“ಇಲ್ಲ,” ಎಂದ ತಮ್ಮ. “ಯಾರೋ, ಗೊತ್ತಿಲ್ಲ.”

ಮೇಷ್ಟ್ರು ಮತ್ತೆ ಮೈಕಿಗೆ ತಿರುಗಿ, “ತಾಯಿ, ಸರ್ಕಸ್ಸು ಪಕ್ಕದ ಮೈದಾನದಲ್ಲಿ,” ಎಂದರು. ಗಂಭೀರ ಮುಖಗಳೆಲ್ಲ ಒಟ್ಟಿಗೆ ನಕ್ಕವು. ಅಕ್ಕ ಕೂತಳು.

ಅವತ್ತು ಮನೆಗೆ ಹೋದಾಗ ಅಕ್ಕ ಮನೆಯ ಸೀರೆಯಲ್ಲಿದ್ದಳು. “ಹೇಗಾಯ್ತೋ ಕಾರ್ಯಕ್ರಮ?” ಎಂದು ಕೇಳಿದಳು, ತಾನು ಬಂದೇ ಇಲ್ಲ ಎಂಬಂತೆ. “ಚೆನ್ನಾಗಾಯ್ತು,” ಎಂದ ತಮ್ಮ, ಅವಳನ್ನು ನೋಡಿಯೇ ಇಲ್ಲ ಎಂಬಂತೆ. ತಟ್ಟೆಗೆ ಊಟ ಬಿತ್ತು. ಅಷ್ಟೇ, ಅದರ ಮೇಲೆ ಇಪ್ಪತ್ತೆರಡು ವರ್ಷ ಇಬ್ಬರೂ ಆ ಸುದ್ದಿ ಎತ್ತಲಿಲ್ಲ.

‘ನಿಜ’ ಇನ್ನೂ ಒಂದೂವರೆ ವರ್ಷ ಉಸಿರಾಡಿತು. ಕೇಳುಗರು ಇನ್ನೂರರಿಂದ ನಲವತ್ತಕ್ಕೆ, ನಲವತ್ತರಿಂದ ಹನ್ನೊಂದಕ್ಕೆ ಇಳಿದರು. ಕೊನೆಗೆ ಮೇಷ್ಟ್ರಿಗೆ ವರ್ಗವಾಯಿತು. ಡ್ರಮ್ಮು ಬಿಟ್ಟು ಬೇರೇನೂ ಬರದ ತಮ್ಮನನ್ನು ಅಕ್ಕ ತನ್ನ ಮೆಷಿನ್ನಿನ ಮುಂದೆ ಕೂರಿಸಿ, ದಪ್ಪ ಬಟ್ಟೆಗೆ ಹೊಲಿಗೆ ಹಾಕುವುದನ್ನು ಮೊದಲಿನಿಂದ ಕಲಿಸಿದಳು. ಲಾರಿ ಓಡಿಸುತ್ತ ತಿಂಗಳ ಮುಕ್ಕಾಲು ಪಾಲು ಹೊರಗೇ ಇರುತ್ತಿದ್ದ ಅಕ್ಕನ ಗಂಡ ತನ್ನ ಲಾರಿಯ ಸೀಟನ್ನೇ ಮೊದಲ ಕೆಲಸವಾಗಿ ಕೊಟ್ಟ. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಆರು ತಿಂಗಳು ಅವನು ದಿಂಬು ಹಾಕಿಕೊಂಡು ಕೂತು ಓಡಿಸಿದ, ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಹೀಗೆ ಅನ್ನವೂ ಅಕ್ಕನದೇ, ಕಸುಬೂ ಅಕ್ಕನದೇ. ತಮ್ಮನಿಗೆ ಉಳಿದದ್ದು ಒಂದೇ ಆಸೆ. ಡ್ರಮ್ಮಿನ ಹತ್ತಿರದ ಮೈಕು ತನ್ನ ಬಾಯಿಯ ಕಡೆಗಿರಲಿಲ್ಲ, ತಾನು ಮೆಲ್ಲಗೆ ಹೇಳಿದ್ದ, ಹಾಲಿನಲ್ಲಿ ಗುಜುಗುಜು ಇತ್ತು. ಮೇಷ್ಟ್ರ ಸರ್ಕಸ್ಸಿನ ಮಾತು ಅವಳಿಗೆ ಕೇಳಿಸಿದೆ, ತನ್ನ ಮಾತು ಕೇಳಿಸಿಲ್ಲ. ಇದನ್ನು ದಿನಕ್ಕೊಮ್ಮೆ ತನಗೆ ತಾನೇ ಹೇಳಿಕೊಂಡು ಅವಳೆದುರು ತಲೆ ಎತ್ತಿ ಓಡಾಡುತ್ತಿದ್ದ.

ಈಗ ಆ ಮಾತು ಭಾನುವಾರ ಸ್ಪೀಕರಿನಲ್ಲಿ ಬರುತ್ತದೆ, ಅದೂ ಸ್ವಚ್ಛ ಮಾಡಿಸಿಕೊಂಡು.

ಬುಧವಾರ ಅವನು ಮೇಷ್ಟ್ರ ಮನೆಗೆ ಹೋದ. ನಿವೃತ್ತರಾಗಿ ಊರಿಗೆ ಮರಳಿದ್ದ ಮೇಷ್ಟ್ರು ಈಗಲೂ ಗುಂಡಿಯನ್ನು ಗಂಟಲಿನವರೆಗೆ ಹಾಕುತ್ತಿದ್ದರು. ಗಂಟಲು ಮಾತ್ರ ತೆಳ್ಳಗಾಗಿ ಕಾಲರಿನೊಳಗೆ ತೇಲುತ್ತಿತ್ತು. ಟೀ ತರಿಸಿ, ಕಂಪ್ಯೂಟರಿನ ಮುಂದೆ ಕೂರಿಸಿ, ಸರಿಯಾಗಿ ಅದೇ ಜಾಗವನ್ನು ಹಾಕಿದರು. ಮೌನ. ಹಲಗೆ ಬಿದ್ದಂಥ ಚಪ್ಪಾಳೆ. ಗದ್ದಲ. “ಯಾರದು?” “ನಿಮ್ಮ ಕಡೆಯವರಾ?” ಆಮೇಲೆ ಇಪ್ಪತ್ತೈದು ವರ್ಷದ ಹುಡುಗನ ದನಿ, ಕಿವಿಯ ಪಕ್ಕದಲ್ಲೇ ಹೇಳಿದಂತೆ: “ಇಲ್ಲ. ಯಾರೋ, ಗೊತ್ತಿಲ್ಲ.” ಆ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ನಡುಗುತ್ತ ಹೇಳಿದ್ದೆ ಎಂದು ಅವನು ಇಷ್ಟು ವರ್ಷ ನಂಬಿಕೊಂಡಿದ್ದ. ಟೀ ಕಪ್ಪನ್ನು ಮೇಜಿನ ಮೇಲಿಟ್ಟ.

“ಮೇಷ್ಟ್ರೇ, ಆ ಭಾಗ ಕತ್ತರಿಸಿಬಿಡಿ.”

“ಯಾಕ್ರೀ? ಅದೇ ಇಡೀ ಕ್ಯಾಸೆಟ್ಟಿನ ಜೀವ! ಜನಕ್ಕೆ ಮೌನ ತಡಕೊಳ್ಳೋಕೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಭಾನುವಾರ ಅದನ್ನೇ ವಿವರಿಸ್ತೀನಿ.”

“ಎಣಿಕೆ ತಪ್ಪಿದೆ. ಕೇಳೋಕೆ ಚೆನ್ನಾಗಿಲ್ಲ.”

“ತಪ್ಪಿದೆ, ಇರಲಿ. ಮೊದಲ ನಿಯಮ ನೀವೇ ಬರೆದದ್ದಲ್ವಾ? ಆದ ತಪ್ಪನ್ನ ಮುಚ್ಚಿಡಬಾರದು. ನಾನು ಇವತ್ತಿಗೂ ಕತ್ತರಿ ಹಾಕೋನಲ್ಲಪ್ಪ.” ಮೇಷ್ಟ್ರು ಕುತೂಹಲದಿಂದ ಮುಂದೆ ಬಾಗಿದರು. “ಅಂದ ಹಾಗೆ, ಆ ಹೆಂಗಸು ಯಾರು ಅಂತ ಆಮೇಲಾದ್ರೂ ಗೊತ್ತಾಯ್ತಾ ನಿಮ್ಗೆ?”

ಬಾಗಿಲು ತೆರೆದು ಕೊಟ್ಟಂತಿತ್ತು. ಒಳಗೆ ಕಾಲಿಟ್ಟರೆ ಸಾಕು, ಎಲ್ಲ ಮುಗಿಯುತ್ತಿತ್ತು. ಅವನ ಬಾಯಿ ತೆರೆಯಿತು.

“ಇಲ್ಲ,” ಎಂದ ತಮ್ಮ.

ಬೀದಿಗೆ ಬಂದ ಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಪ್ಪತ್ತೈದರ ಹುಡುಗನಿಗೆ ವಯಸ್ಸು ಕಮ್ಮಿ, ಬುದ್ಧಿ ಕಮ್ಮಿ ಎಂದಾದರೂ ಹೇಳಬಹುದಿತ್ತು. ಈಗ ಹೇಳಿದವನು ನಲವತ್ತೇಳರವನು, ಅಕ್ಕ ಕಲಿಸಿದ ಕಸುಬಿನಲ್ಲಿ ಬದುಕುವವನು, ಅದೂ ಕೇಳುವವರು ಒಬ್ಬ ಮುದುಕ ಮಾತ್ರ ಇದ್ದಾಗ. ಯಾರ ಹೆದರಿಕೆಗೆ ಹೇಳಿದ? ಸೊಂಟ ಹಿಡಿದುಕೊಂಡು ಎದ್ದು ಕೂರುವ ಆ ಮೇಷ್ಟ್ರ ಹೆದರಿಕೆಗೆ?

ಮನೆಗೆ ಹೋಗಲು ಮುಖವಿಲ್ಲದೆ ಸುತ್ತು ಹಾಕಿ ಮಿಂಚುವಿನ ಡ್ರೈವಿಂಗ್ ಶಾಲೆಯ ಕಡೆ ನಡೆದ. ಬೋರ್ಡು ಬರೆಯುವ ಕೆಲಸ ನಿಂತ ಮೇಲೆ ಮಿಂಚು ಕಾರು ಕಲಿಸುತ್ತಿದ್ದ. ಇವತ್ತಿಗೂ ಹೂವಿನ ಶರ್ಟು, ಕಲಿಯುವವರು ಬ್ರೇಕು ಒತ್ತಿದ್ದಕ್ಕೆಲ್ಲ ಶಿಳ್ಳೆ. ವಿಷಯ ಹೇಳಬೇಕೆಂದು ಹೋದವನು ಹೇಳದೆ, ಮೇಷ್ಟ್ರ ಕ್ಯಾಸೆಟ್ಟಿನ ಸುದ್ದಿಯಷ್ಟನ್ನೇ ಹೇಳಿದ.

“ಹೋಗಿ ಕೇಳಿ ಮಾರಾಯ,” ಎಂದು ಮಿಂಚು ನಕ್ಕ. “ನಾನಂತೂ ಬರಲ್ಲ. ನಿಮ್ಮ ಬ್ಯಾಂಡು ಕೇಳಿದ್ರೆ ನಂಗೆ ಪರೀಕ್ಷೆ ಹಾಲಲ್ಲಿ ಕೂತ ಹಾಗೆ ಬೆವರು ಬರುತ್ತೆ. ಆದ್ರೆ ಒಂದು ಮಾತು. ನೀನು ಆ ಕಡೆ ಹೋಗಿದ್ದಕ್ಕೆ ನಂಗೆ ಬೇಜಾರಾಗಿಲ್ಲ ಕಣೋ. ಡ್ರಮ್ಮರ್ ಇನ್ನೊಬ್ಬ ಸಿಕ್ಕ. ಅಕ್ಕ ನಿಲ್ಲಿಸಿಬಿಟ್ರಲ್ಲ, ಅದು ಹೊಡೆತ.”

“ಏನು ನಿಲ್ಲಿಸಿದ್ಲು?”

“ಚಪ್ಪಾಳೆ. ನೀನು ಬಿಟ್ಟ ಮೇಲೂ ವರ್ಷ ತುಂಬ ಬರ್ತಾನೇ ಇದ್ರು, ಗೊತ್ತಿಲ್ವಾ? ಆಮೇಲೆ ಒಂದು ಸೋಮವಾರ ನಾನು ಟಿಕೆಟ್ ಕೊಡೋಕೆ ಹೋದ್ರೆ, ‘ಕೈ ನೋವು, ಇನ್ಮೇಲೆ ಬರಲ್ಲಪ್ಪ’ ಅಂದ್ರು. ಅಂಗೈ ನೋಡಿದೆ, ನೋವೂ ಇಲ್ಲ ಏನೂ ಇಲ್ಲ. ಎಷ್ಟು ಕೇಳಿದ್ರೂ ಬರ್ಲಿಲ್ಲ. ಆಮೇಲೆ ನಮ್ಮ ಹಾಡು ಮುಗಿದಾಗ ಬಾವಿಗೆ ಬಿದ್ದ ಹಾಗಿರ್ತಿತ್ತು.”

ಯಾವ ಸೋಮವಾರ ಎಂದು ತಮ್ಮ ಕೇಳಲಿಲ್ಲ. ಅದರ ಹಿಂದಿನ ದಿನದ ಭಾನುವಾರ ಯಾವುದೆಂದು ಅವನಿಗೆ ಗೊತ್ತಿತ್ತು. ಅವಳಿಗೆ ಕೇಳಿಸಿಲ್ಲ ಎಂಬ ಆಸೆಯ ಅರ್ಧ ಅಲ್ಲೇ ಕುಸಿಯಿತು. ಉಳಿದರ್ಧವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ: ಮೇಷ್ಟ್ರ ಸರ್ಕಸ್ಸಿನ ಮಾತಿಗೇ ನೊಂದಿರಬೇಕು, ತನ್ನ ಮಾತಿಗಲ್ಲ.

ಗುರುವಾರ, ಶುಕ್ರವಾರ ಅವನ ಕೈಯಲ್ಲಿ ಕೆಲಸ ಸಾಗಲಿಲ್ಲ. ಒಂದು ಸೀಟಿನ ಹೊದಿಕೆಯನ್ನು ಒಳಹೊರಗು ಮಾಡಿ ಹೊಲಿದ. ಅಕ್ಕನಿಗೆ ಜ್ವರ ಬರಲಿ ಎಂದು ಒಮ್ಮೆ ಹಾರೈಸಿ, ಮರುಕ್ಷಣ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಅಕ್ಕ ಎಂದಿನಂತಿದ್ದಳು. ಭಾನುವಾರಕ್ಕೆ ಉಡಲು ತೆಳು ಬೂದಿ ಬಣ್ಣದ ಸೀರೆಯೊಂದನ್ನು ಇಸ್ತ್ರಿ ಮಾಡಿ ತೂಗುಹಾಕಿದಳು. ಅಂಚಿಲ್ಲ, ಹೊಳಪಿಲ್ಲ. ಲೈಬ್ರರಿಯವರ ನಡುವೆ ಕಣ್ಣಿಗೆ ಬೀಳದಂಥ ಸೀರೆ.

ಶನಿವಾರ ಮಧ್ಯಾಹ್ನ ಗಿರಾಕಿಗಳು ಯಾರೂ ಇಲ್ಲದ ಹೊತ್ತಿನಲ್ಲಿ ಅವನು ನಡುಬಾಗಿಲು ದಾಟಿ ಬಂದು, ಅಕ್ಕ ಕತ್ತರಿಸಿ ಗುಡ್ಡೆ ಹಾಕಿದ್ದ ಬಟ್ಟೆ ಚೂರುಗಳ ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳು ಒಂದು ಪ್ಯಾಂಟಿನ ತುದಿಗೆ ಕೈಹೊಲಿಗೆ ಹಾಕುತ್ತಿದ್ದಳು.

“ಅಕ್ಕ, ನಾಳೆ ಹೋಗೋದಕ್ಕೆ ಮುಂಚೆ ಒಂದು ವಿಷಯ.”

“ಹೇಳು.”

“ಅವತ್ತು ನೀನು ಬಂದಿದ್ದೆ. ನಂಗೆ ಕಂಡಿತ್ತು.”

ಸೂಜಿ ನಿಲ್ಲಲಿಲ್ಲ. “ಹೂಂ.”

“ಮೇಷ್ಟ್ರು ಕೇಳಿದ್ರು, ನಿಮ್ಮ ಕಡೆಯವರಾ ಅಂತ. ನಾನು...” ಗುಡ್ಡೆಯಿಂದ ಒಂದು ಬಟ್ಟೆ ಚೂರು ಎತ್ತಿ ಬೆರಳಿಗೆ ಸುತ್ತಿಕೊಂಡ. “ಗೊತ್ತಿಲ್ಲ ಅಂದೆ. ನೀನು ಯಾರೋ ಗೊತ್ತಿಲ್ಲ ಅಂತ ಹೇಳ್ಬಿಟ್ಟೆ, ಅಕ್ಕ. ಅದು ಕ್ಯಾಸೆಟ್ಟಲ್ಲಿದೆ.”

“ಗೊತ್ತು ಕಣೋ,” ಎಂದಳು ಅಕ್ಕ. “ಮಾತು ಕೇಳಿಸ್ಲಿಲ್ಲ. ನೀನು ತಲೆ ಅಲ್ಲಾಡಿಸಿದ್ದು ಕಾಣಿಸ್ತು.”

ಇಪ್ಪತ್ತೆರಡು ವರ್ಷ ತಮ್ಮ ಮೈಕಿನ ದಿಕ್ಕು, ಹಾಲಿನ ಗುಜುಗುಜು ಎಲ್ಲವನ್ನೂ ಲೆಕ್ಕ ಹಾಕಿದ್ದ. ತನ್ನ ತಲೆ ಅಲ್ಲಾಡಿದ್ದು ಅವನ ನೆನಪಿನಲ್ಲೇ ಇರಲಿಲ್ಲ.

“ಪಕ್ಕದಲ್ಲಿ ಒಬ್ಬಳು ಕೂತಿದ್ಲು,” ಎಂದು ಅಕ್ಕ ಹಲ್ಲಿನಿಂದ ದಾರ ಕಡಿದಳು. “‘ಡ್ರಮ್ಮಿನವನು ನಿಮ್ಮ ತಮ್ಮನಾ? ಮೂಗು ಒಂದೇ ಥರ ಇದೆ’ ಅಂದ್ಲು. ‘ಇಲ್ಲಮ್ಮ, ನಮ್ಮವನಲ್ಲ’ ಅಂದೆ. ನೀನು ಅಲ್ಲಿಂದ ಇಲ್ಲ ಅಂದಿದ್ದೀಯ, ನಾನು ಇಲ್ಲಿಂದ ಹೌದು ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕಿತ್ತು?”

ಅವಳು ಪ್ಯಾಂಟನ್ನು ಕೊಡವಿ ಮಡಿಚಿ ಬದಿಗಿಟ್ಟಳು. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು:

“ನಾಳೆ ಮೇಷ್ಟ್ರು ಆ ಜಾಗ ಬಂದಾಗ ಮತ್ತೆ ಕೇಳಬಹುದು, ಯಾರಾಕೆ ಅಂತ. ನೀನು ಏನು ಹೇಳ್ತೀಯ ಅಂತ ಈಗ್ಲೇ ಹೇಳಿಬಿಡು. ನಾನೂ ಅದನ್ನೇ ಹೇಳ್ತೀನಿ.”

ಅದರಲ್ಲಿ ಕುಹಕವಿರಲಿಲ್ಲ. ತೋಳು ಅರ್ಧ ಇಡಲೋ ಪೂರ್ತಿ ಇಡಲೋ ಎಂದು ಗಿರಾಕಿಯನ್ನು ಕೇಳುವ ದನಿಯಲ್ಲೇ ಕೇಳಿದ್ದಳು. ಚುಚ್ಚಿ ಮಾತಾಡಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಅವಳೆದುರು ಕೂತಲ್ಲೇ ಇಲ್ಲದಂತಾಗಿಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು.

ಮೆಷಿನ್ನಿನ ಪಕ್ಕದಲ್ಲಿದ್ದ ಮೊಬೈಲು ಎತ್ತಿಕೊಂಡು ಮೇಷ್ಟ್ರ ನಂಬರು ಒತ್ತಿದ. ಅತ್ತ ಮೇಷ್ಟ್ರ ದನಿ ಬಂತು.

“ಮೇಷ್ಟ್ರೇ, ಮೊನ್ನೆ ಕೇಳಿದ್ರಲ್ಲ, ಆ ಹೆಂಗಸು ಯಾರು ಅಂತ. ಸುಳ್ಳು ಹೇಳಿದೆ. ಅವತ್ತೂ ಸುಳ್ಳು ಹೇಳಿದ್ದೆ. ಅವಳು ನಮ್ಮಕ್ಕ.”

“ಏನಂದ್ರಿ? ಕೇಳಿಸ್ತಿಲ್ಲ.”

“ನಮ್ಮಕ್ಕ, ಮೇಷ್ಟ್ರೇ...” ದನಿ ಒಡೆದು ಅರ್ಧ ಒಳಗೇ ಉಳಿಯಿತು.

“ಯಾರು? ಏನಾಯ್ತು ತಮ್ಮ?”

ಅಕ್ಕ ಸೂಜಿಗೆ ಹೊಸ ದಾರ ಪೋಣಿಸುತ್ತಿದ್ದಳು. ತೂತಿನಿಂದ ಕಣ್ಣು ತೆಗೆಯದೆ ಹೇಳಿದಳು:

“ಜೋರಾಗಿ ಹೇಳೋ. ಅವ್ರಿಗೆ ವಯಸ್ಸಾಗಿದೆ.”

ತಮ್ಮ ಜೋರಾಗಿ ಹೇಳಿದ. ಎದುರು ಅಂಗಡಿಯವನು ಏನಾಯಿತೆಂದು ಹೊರಗೆ ಬಂದು ನೋಡಿದ.